ಒಂದೇ ಬಣ್ಣದ ಎರಡು ಮೀನು

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಅತ್ತೆ, ಸೊಸೆ ಕೂತಿದ್ದರು. ಸೊಸೆಯ ಮಡಿಲಲ್ಲಿ ಉಪ್ಪುನೀರು ತುಂಬಿದ ಪ್ಲಾಸ್ಟಿಕ್ ಚೀಲ. ಅದರೊಳಗೆ ಟಿಕೆಟ್ಟಿಲ್ಲದ ಒಂದು ಕೆಂಪು ಮೀನು.

“ನಿಮ್ಮ ಗಾಜಿನ ತೊಟ್ಟೀಲಿರೋ ಆ ಸಮುದ್ರದ ರ್‍ಯಾಸ್ ಮೀನಿನ ಥರಾನೇ ಇದೆ ನೋಡಿ ಅತ್ತೆ. ಜೋಡಿಯಾಗ್ಲಿ ಅಂತ ಹುಡುಕಿ ತಂದೆ.”

“ಅದೇ ಎಡವಟ್ಟು ಕಣೆ. ಒಂದೇ ಬಣ್ಣ, ಒಂದೇ ಮೈಕಟ್ಟು ಇದ್ರೆ ರ್‍ಯಾಸ್‌ಗಳು ಹೊಂದ್ಕೊಳಲ್ಲ. ನಮ್ಮದು ಇದನ್ನ ಅಟ್ಟಾಡಿಸಿ ಕೊಂದೇಬಿಡತ್ತೆ.”

“ಅಯ್ಯೋ! ವಾಪಸ್ ಕೊಡೋಣ್ವಾ?”

“ಅಂಗಡಿಯವನು ತಗೊಳಲ್ಲ. ಇರು, ಒಂದು ಉಪಾಯ ಇದೆ. ಹಳೇದನ್ನ ಹಿಡಿದು, ತೊಟ್ಟಿಯೊಳಗೇ ಒಂದು ತೂತಿನ ಡಬ್ಬೀಲಿ ಕೂಡಿಹಾಕೋದು. ಕಲ್ಲುಗಳನ್ನೆಲ್ಲ ಅದಲುಬದಲು ಮಾಡಿ ಹೊಸದನ್ನ ಬಿಡೋದು. ವಾರ ಕಳೆದು ಹಳೇದು ಆಚೆ ಬಂದಾಗ, ಇದು ನನ್ನ ಮನೆ ಅನ್ನೋ ಜಂಬ ಇರಲ್ಲ ಅದಕ್ಕೆ.”

“ಪಾಪ, ಹಿರಿಯರಿಗೆ ಜೈಲು.”

“ಹಿರಿಯರ ಮೇಲೆ ನಿಂಗೆ ಯಾವಾಗಿಂದ ಕನಿಕರ?”

“ಅಡುಗೆಮನೆ ಡಬ್ಬಿಗಳ ಜಾಗ ಬದಲಾಯಿಸಿದ್ದಕ್ಕೆ ನೀವೂ ಮುಖ ಊದಿಸ್ಕೊಂಡಿದ್ರಲ್ಲ!”

“ನನ್ನನ್ನ ಯಾರೂ ಮೊದಲು ಕೂಡಿಹಾಕಿರ್ಲಿಲ್ಲ, ಅದಕ್ಕೆ.”

ಸೊಸೆ ನಕ್ಕ ರಭಸಕ್ಕೆ ಚೀಲ ಕುಲುಕಿತು. ಅತ್ತೆ ಥಟ್ಟನೆ ಎರಡೂ ಕೈ ಕೊಟ್ಟು ಹಿಡಿದರು.

“ನಿಜ ಹೇಳಿ ಅತ್ತೆ, ಇದು ಉಳಿಯತ್ತಾ?”

“ಕಲ್ಲು ಜೋಡಿಸೋದರ ಮೇಲಿದೆ.”

ಅವರ ನಿಲ್ದಾಣ ಬಂತು. ಅತ್ತೆ ಎದ್ದು, ಚೀಲ ಹಿಡಿದ ಸೊಸೆಗೆ ದಾರಿ ಮಾಡಿಕೊಟ್ಟರು.

“ಹಳೇದನ್ನ ಹಿಡಿಯೋದು ನಂಗೆ ಬಿಡು. ಕಲ್ಲು ಮಾತ್ರ ನೀನೇ ಜೋಡಿಸು, ನಿಂಗಿಷ್ಟ ಬಂದ ಹಾಗೆ. ನಾನು ಕೈ ಹಾಕಿದ್ರೆ ಮತ್ತೆ ಮೊದಲಿನ ಹಾಗೇ ಇಟ್ಟುಬಿಡ್ತೀನಿ.”