ಮಿಕ್ಕಿದ ಒಂದು ಮೊಳ ಮಲ್ಲಿಗೆ

…ಇಲ್ಲ ನಿವೇದಿತಾ, ನೀನು ಮಾಡಿದ್ದು ತಪ್ಪು. ಮಗಳ ಹುಟ್ಟುಹಬ್ಬಕ್ಕೆ ಬಂದ ಹೆಂಗಸಿನ ತಲೆಗೆ ಕೈ ಹಾಕಿದ್ದು ತಪ್ಪು. ಯಾಕೆ ನಗ್ತೀಯ? ಅಡುಗೆಮನೆ ಬಾಗಿಲು ಮುಂದಕ್ಕೆ ಹಾಕು, ಹಾಲ್‌ನಲ್ಲಿರೋ ನೆಂಟರಿಗೆ ಅತ್ತೆ ಬೈಯೋದು ಕೇಳಿಸೋದು ಬೇಡ.

ಪಾಪ, ಇಂಚರಾಳ ಡೇಕೇರ್ ಗೆಳತಿಯ ಅಮ್ಮ ಆ ಮಿರಿಯಮ್. ನಮ್ಮ ಪಾತ್ರೆಯಲ್ಲಿ ಬೇಯಿಸಿದ್ದು ಅವರು ತಿನ್ನೋ ಹಾಗಿಲ್ಲ ಅಂತ ಬರೀ ಬಾಳೆಹಣ್ಣು ತಿಂದು ಹೊರಟಿದ್ದಳು. ಕುಂಕುಮ ಬೇಡ ಅಂದಳು, ಬಿಟ್ಟೆ. ಹೂವನ್ನ ಕೈಗೆ ಕೊಡಿ ಅಂದಳು… ಬಿಟ್ಟೆಯಾ? ಮುತ್ತೈದೆಗೆ ಮುಡಿಸಲೇಬೇಕು ಅಂತ, ನಾನು ಬೆಳಿಗ್ಗೆಯಿಂದ ಕೂತು ಕಟ್ಟಿದ ಮಲ್ಲಿಗೆಯನ್ನ ಅವಳ ತಲೆಗೆ ಪಿನ್ನು ಸಿಕ್ಕಿಸಿ ಎಳೆದೆ ನೀನು. ಕೂದಲೆಲ್ಲ ಒಂದೇ ಪಕ್ಕಕ್ಕೆ ಜಾರಿತು. ವಿಗ್ಗು! ನಿನ್ನ ಗಂಡ ಅಚ್ಯುತನ ಆಫೀಸಿನವರು ಬಾಯಲ್ಲಿ ಕೇಕು ಇಟ್ಟುಕೊಂಡು ನೋಡ್ತಾ ನಿಂತರು. ಸೀರೆ ಜಾರಿದವಳ ಹಾಗೆ ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡಳು.

ಬೋಳು ತಲೆಯಾ? ಅಲ್ಲ ಕಣೇ. ಒಳಗೆ ಅವಳದೇ ಕೂದಲಿದೆ, ನಿನ್ನದಕ್ಕಿಂತ ದಟ್ಟವಾಗಿದೆ. ಮದುವೆಯಾದ ಮೇಲೆ ಹೊರಗಿನ ಗಂಡಸರಿಗೆ ಕಾಣಬಾರದು ಅಂತ ಅವರ ಯಹೂದಿ ಪದ್ಧತಿ. ರೂಮಿಗೆ ಕರ್ಕೊಂಡು ಹೋಗಿ ನಾನೇ ಕನ್ನಡಿ ಹಿಡಿದೆ. ಹಿಡಿದುಕೊಂಡೇ ಜಗಳಾನೂ ತೆಗೆದೆ, ಬಿಡ್ತೀನಾ? ಗಂಡಸರ ಕಣ್ಣಿಗೆ ತೊಂದರೆ ಅಂದರೆ ಗಂಡಸರೇ ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳಲಿ ಅಂದೆ. ಬಿದ್ದು ಬಿದ್ದು ನಕ್ಕಳು. ನನ್ನ ಕೂದಲು, ಯಾರಿಗೆ ತೋರಿಸಬೇಕು ಅಂತ ನಾನು ನೋಡ್ಕೋತೀನಿ ಅಂದಳು. ನನಗೆ ಒಪ್ಪಿಗೆಯಾಗಲಿಲ್ಲ. ಅವಳಿಗೆ ಬೇಕಾಗಿಯೂ ಇರಲಿಲ್ಲ ನನ್ನ ಒಪ್ಪಿಗೆ.

ಓ, ಹಿಂದುಳಿದವರಾ ಅವರು? ನಾವು ಭಾರೀ ಮುಂದುವರಿದವರು. ಅಮೆರಿಕದ ಕ್ಯಾಂಪ್‌ಬೆಲ್‌ನಲ್ಲಿ ಮನೆ, ಗರಾಜಿನಲ್ಲಿ ಕರೆಂಟಿನ ಕಾರು. ಕೈಯಲ್ಲಿ ಕುಂಕುಮದ ತಟ್ಟೆ ಹಿಡಿದು, ಯಾರ ಹಣೆಗೆ ಇಡಬಹುದು, ಯಾರನ್ನ ದಾಟಬೇಕು ಅಂತ ನೋಡಿ ನೋಡಿ ಹಂಚ್ತೀವಿ.

ಅವರಲ್ಲಿ ಗಂಡ ಸತ್ತರೂ ತಲೆ ಮುಚ್ಚಿಕೊಳ್ತಾರಂತೆ. ಇದ್ದಿದ್ದನ್ನ ಯಾರೂ ಬಂದು ಕಿತ್ತುಕೊಳ್ಳಲ್ಲ. ಹೋಗ್ತಾ ಕೇಳಿದಳು, ಎಲ್ಲರಿಗೂ ಹೂವಿದೆ, ನಿಮಗ್ಯಾಕಿಲ್ಲ ಅಂತ. ನಿಮಗೆಲ್ಲ ಹೇಳ್ತಾ ಬಂದಿದ್ದನ್ನೇ ಹೇಳಿದೆ. ಮಲ್ಲಿಗೆ ವಾಸನೆ ಅಂದರೆ ನನಗೆ ತಲೆನೋವು…

ನಗು ಎಲ್ಲಿ ಹೋಯ್ತು?

ನನ್ನ ಕೈ ಯಾಕೆ ನೋಡ್ತೀಯ?

ಹೂಂ. ಮಡಿಲ ತುಂಬ ಮೊಗ್ಗು ಸುರಿದುಕೊಂಡು ಕಟ್ಟಿದ್ದು ಇದೇ ಕೈ. ತಲೆ ನೋಯಲಿಲ್ಲ. ಯಾವತ್ತೂ ನೋಯಲಿಲ್ಲ. ಅಚ್ಯುತನ ಅಪ್ಪ ಹೋದ ಮೇಲೆ ತಟ್ಟೆ ನನ್ನನ್ನ ದಾಟಿ ಪಕ್ಕದವಳ ಹತ್ತಿರ ಹೋಗೋದನ್ನ ನೋಡೋದಕ್ಕಿಂತ ತಲೆನೋವೇ ವಾಸಿ ಅನ್ನಿಸಿತು. ನಿಮಗೂ ಅನುಕೂಲವಾಯ್ತು. ಬೇಡ ಬೇಡ ಅಂದವಳಿಗೆ ನೀನು ಎಳೆದು ಮುಡಿಸಿದೆ. ನನ್ನ ಹತ್ತಿರ ಬಂದಾಗ…

ಅಳಬೇಡ. ನಾಳೆ ಮಿರಿಯಮ್ ಮನೆಗೆ ಹೋಗಿ ತಪ್ಪಾಯ್ತು ಅಂತ ಹೇಳು. ಅದು ನಾಳೆ. ಈಗ ಫ್ರಿಜ್ಜು ತೆಗಿ, ಒಂದು ಮೊಳ ಮಿಕ್ಕಿದೆ. ಇಲ್ಲಲ್ಲ, ಅಡುಗೆಮನೆಯಲ್ಲಲ್ಲ. ಹಾಲ್‌ಗೆ ನಡಿ. ಅವರೆಲ್ಲ ಇನ್ನೂ ಕೂತಿದ್ದಾರೆ. ಅವರ ಮುಂದೆ ನನಗೆ ಮುಡಿಸು.