ಥೆಕ್ವಾನೆ ಹೊಟ್ಟೆಯ ಕೂದಲು

ಬೇರೆ ಯಾರಿಗೋ ಅಲ್ಲ, ನಮ್ಮ ದೊಡ್ಡಮ್ಮನ ಮಗ ಡಿಂಗಾನಿಗೇ ಆದದ್ದು. ಇಲ್ಲೇ, ಗ್ವಾಂಡಾದಲ್ಲೇ.

ಮುದುಕಿ ಮಾಚುಮಾಳನ್ನು ಮಣ್ಣು ಮಾಡಿದ ರಾತ್ರಿ. ಡಿಂಗಾನಿ ಸಾವಿನ ಮನೆಯಲ್ಲಿ ಹೊಟ್ಟೆ ಬಿರಿಯುವಷ್ಟು ಮಾಂಸ ತಿಂದು, ಸಿಳ್ಳೆ ಹಾಕ್ತಾ ಹೊರಟಿದ್ದ. ಪಾಳುಬಾವಿ ದಾಟಿದ್ದೇ ತಡ, ಹಿಂದಿನಿಂದ... ಸರ್ರ್... ಸರ್ರ್... ಹುಲ್ಲಿನ ಪೊರಕೆ ನೆಲಕ್ಕೆ ಉಜ್ಜುವ ಸದ್ದು. ನಿಂತ. ಅದೂ ನಿಂತಿತು. ನಡೆದ... ಸರ್ರ್...

ಮ್ಯೂಸಿಯಮ್ಮಿನ ಹಕ್ಕಿ ಕೋಣೆ ಗುಡಿಸುತ್ತಿದ್ದವಳು ಮಾಚುಮಾ. ಸತ್ತ ಹಕ್ಕಿಗಳ ಒಡಲು ಬಗೆದು, ಹತ್ತಿ ತುಂಬಿ, ಹೊಲಿದು, ಖಾನೆಯಲ್ಲಿ ಅಂಗಾತ ಮಲಗಿಸುವುದು ಎಡಚ ಡಿಂಗಾನಿಯ ಕೆಲಸ. ಅವಳು ಸಾಯುವ ತಿಂಗಳ ಮುಂಚೆ ಒಂದು ಸತ್ತ ಥೆಕ್ವಾನೆ ಬಂತು. ಗೊತ್ತಲ್ಲ, ಆ ಹಕ್ಕಿ ಯಾರ ಕೂದಲನ್ನು ಗೂಡಿಗೆ ಒಯ್ಯುತ್ತೋ ಅವರು ಉಳಿಯಲ್ಲ. ಅದಕ್ಕೇ ಕತ್ತರಿಸಿದ ಕೂದಲನ್ನು ಹೂಳುವುದು. ಹೂಳಲೆಂದು ಮಾಚುಮಾ ಚೀಲದಲ್ಲಿಟ್ಟಿದ್ದ ನರೆಗೂದಲನ್ನು ಇವನು ಕದ್ದ. ಹತ್ತಿಯ ಬದಲು ಅದನ್ನೇ ಥೆಕ್ವಾನೆಯ ಹೊಟ್ಟೆಗೆ ತುರುಕಿ ಹೊಲಿದ. ಸಾಲದ್ದಕ್ಕೆ, ಅವಳನ್ನೇ ಕರೆದು ತೋರಿಸಿದ.

ಮುದುಕಿ ಇವನ ಕಾಲು ಹಿಡಿದಳು.

"ಹೊಲಿದಿದ್ದನ್ನ ಬಿಚ್ಚೋ ಹಾಗಿಲ್ಲಮ್ಮ, ಇಲ್ಲಿ ರೂಲ್ಸು. ಪಾಪ, ಹಕ್ಕಿಗೂ ಚಳಿಯಾಗುತ್ತಲ್ವಾ?"

ಅವತ್ತಿನಿಂದ ಅವಳ ಗಂಟಲಲ್ಲಿ ತುತ್ತು ಇಳಿಯಲಿಲ್ಲ.

ಈಗ ಪೊರಕೆಯ ಕಡ್ಡಿ ಹಿಮ್ಮಡಿಗೆ ಚುಚ್ಚಿತು. ಡಿಂಗಾನಿ ಮನೆ ಕಡೆ ಓಡಲಿಲ್ಲ, ಮ್ಯೂಸಿಯಮ್ಮಿಗೆ ಓಡಿದ. ಕೂದಲು ತಂದು ಗೋರಿಯಲ್ಲಿ ಹೂತರೆ ಬಿಟ್ಟಾಳು ಅಂತ. ಖಾನೆ ಎಳೆದ... ಕಿರ್ರ್... ಥೆಕ್ವಾನೆ ಹತ್ತಿಯ ಕಣ್ಣು ಬಿಟ್ಟುಕೊಂಡು ಮಲಗಿತ್ತು. ಹೊಲಿಗೆ ಕತ್ತರಿಸಿದ. ಟಿಕ್... ಟಿಕ್... ಬೆರಳು ಹಾಕಿದ.

ಹೊಟ್ಟೆ ಖಾಲಿ.

ಕಿವಿಯ ಹತ್ತಿರ ಪಿಸುಮಾತು. "ಏನ್ ಹುಡುಕ್ತಿದ್ದೀಯೋ ಮಗ?"

"ಅಮ್ಮಾ... ತಪ್ಪಾಯ್ತು. ಬಿಟ್ಬಿಡಮ್ಮಾ."

"ನಾನು ಬಿಡ್ತೀನಪ್ಪ... ಹಕ್ಕಿಗೆ ಚಳಿಯಂತೆ."

ಬೆಳಿಗ್ಗೆ ಕಾವಲುಗಾರ ನೋಡಿದಾಗ ಡಿಂಗಾನಿ ಖಾನೆಯ ಮುಂದೆ ಕೂತಿದ್ದ. ತಲೆ ಸೋರೆಬುರುಡೆಯ ಹಾಗೆ ನುಣ್ಣಗೆ. ಥೆಕ್ವಾನೆಯ ಹೊಟ್ಟೆ ದುಂಡಗೆ. ಹೊಲಿಗೆ ಎಡಗೈಯದು, ಇವನದೇ.

ಅವತ್ತಿನಿಂದ ಅವನ ಗಂಟಲಲ್ಲೂ ತುತ್ತು ಇಳಿಯಲ್ಲ. ದೊಡ್ಡಮ್ಮ ಹೋಗಿ ಮ್ಯೂಸಿಯಮ್ಮಿನ ಸಾಹೇಬರ ಕಾಲು ಹಿಡಿದಳು, ಆ ಹಕ್ಕಿಯನ್ನೊಂದು ಬಿಚ್ಚಿಸಿ ಅಂತ. ಹೊಲಿದದ್ದನ್ನು ಬಿಚ್ಚುವ ಹಾಗಿಲ್ಲ, ರೂಲ್ಸು ಅಂದರಂತೆ.

ನಗಬೇಡ್ರೋ. ದೊಡ್ಡಮ್ಮನ ಜೊತೆ ಹೋಗಿ ಕಣ್ಣಾರೆ ನೋಡಿ ಬಂದಿದ್ದೀನಿ. ಹೊಲಿಗೆಯ ಸಂದಿಯಲ್ಲಿ ಕರಿಕೂದಲು ಇಣುಕುತ್ತೆ. ಮೊನ್ನೆ ನೋಡಿದಾಗ, ಹೋದ ಸಲಕ್ಕಿಂತ ಉದ್ದವಾಗಿತ್ತು.