ಬೇಡವಾದ ಉಡುಗೊರೆಗೆ ಹದಿನಾಲ್ಕು ದಿನ

ಈ ಮಧ್ಯಾಹ್ನದ ಸಭೆಯ ಅಧ್ಯಕ್ಷತೆ ವಹಿಸಿರುವ ಶ್ರೀಮತಿ ಪ್ರೂಡೆನ್ಸ್ ಹೇಡಾಕ್ ಅವರೇ, ಊರಿನ ನೂರು ತಾಪತ್ರಯಗಳ ನಡುವೆ ಬಿಡುವು ಮಾಡಿಕೊಂಡು ಬಂದಿರುವ ಕೌನ್ಸಿಲರ್ ತಾರಿಕ್ ಮೆಹಮೂದ್ ಅವರೇ, ಬಳಕೆದಾರರ ಸಲಹಾ ಕೇಂದ್ರದ ನನ್ನ ಜೊತೆಗಾರರೇ, ಹೀಟರಿನ ಪಕ್ಕದ ಕುರ್ಚಿಗಾಗಿ ಅರ್ಧ ಗಂಟೆ ಮೊದಲೇ ಬಂದು ಕುಳಿತಿರುವ ಮೋರ್ಕಮ್ ಊರಿನ ಜಾಣ ಸಭಿಕರೇ,

ಪ್ರತಿ ಜನವರಿಯಲ್ಲಿ ಈ ವೇದಿಕೆಯ ಮೇಲೆ ನನಗೆ ಹತ್ತು ನಿಮಿಷ ಸಿಗುತ್ತದೆ. ವಿಷಯವೂ ಪ್ರತಿ ವರ್ಷ ಅದೇ: ಆನ್‌ಲೈನ್‌ನಲ್ಲಿ ಕೊಂಡ ಉಡುಗೊರೆ ಬೇಡವಾದರೆ ಅದನ್ನು ಹಿಂದಿರುಗಿಸುವ ಹಕ್ಕು. ಈ ಸಲ ಅಧ್ಯಕ್ಷರು, "ಟ್ರೆವರ್, ನಿಮ್ಮ ಬೀಳ್ಕೊಡುಗೆ ಮಾತನ್ನೂ ಅದರಲ್ಲೇ ಸೇರಿಸಿ ಮುಗಿಸಿಬಿಡಿ, ನಾಲ್ಕು ಗಂಟೆಗೆ ಬ್ಯಾಡ್ಮಿಂಟನ್‌ನವರು ಬರ್ತಾರೆ" ಎಂದಿದ್ದಾರೆ. ಹತ್ತು ವರ್ಷ ಪುಕ್ಕಟೆ ದುಡಿದವನಿಗೆ ಇಷ್ಟಾದರೂ ಜಾಗ ಸಿಕ್ಕಿತಲ್ಲ ಎಂದು ನಾನೂ ಒಪ್ಪಿಕೊಂಡೆ.

ಮೊದಲು ಕಾನೂನು. ಕುಳಿತವರು ದಯವಿಟ್ಟು ನಿದ್ದೆ ಮಾಡಬಾರದು. ಅಂಗಡಿಗೆ ನಡೆದುಹೋಗಿ, ಕೈಯಲ್ಲಿ ಹಿಡಿದು ನೋಡಿ ಕೊಂಡ ವಸ್ತುವನ್ನು 'ಮನಸ್ಸು ಬದಲಾಯಿತು' ಎಂದು ಹಿಂದಿರುಗಿಸುವ ಹಕ್ಕು ನಮ್ಮ ದೇಶದ ಕಾನೂನಿನಲ್ಲಿ ಇಲ್ಲ. ಅಂಗಡಿಯವರು ವಾಪಸ್ ತೆಗೆದುಕೊಂಡರೆ ಅದು ಅವರ ದೊಡ್ಡ ಮನಸ್ಸು. ಆನ್‌ಲೈನ್‌ನಲ್ಲಿ ಕೊಂಡದ್ದಕ್ಕೆ ಆ ಹಕ್ಕು ಇದೆ. ವಸ್ತು ಮನೆಗೆ ಬಂದ ಮೇಲೆ ಹದಿನಾಲ್ಕು ದಿನ. ಅಷ್ಟರೊಳಗೆ 'ಬೇಡ' ಎಂದು ತಿಳಿಸಿದರೆ ಸಾಕು, ಯಾಕೆ ಎಂದು ಹೇಳಬೇಕಾಗಿಯೂ ಇಲ್ಲ. ಆಮೇಲೆ ಕಳಿಸಿಕೊಡಲು ಇನ್ನೂ ಹದಿನಾಲ್ಕು ದಿನ. ಹೆಸರು ಬರೆಸಿದ ಮಗ್ಗನ್ನು, ಅರ್ಧ ತಿಂದ ಚೀಸನ್ನು ಮಾತ್ರ ನನ್ನ ಹತ್ತಿರ ತರಬೇಡಿ. ತಂದವರಿದ್ದಾರೆ, ಇಲ್ಲೇ ಕುಳಿತಿದ್ದಾರೆ, ಹೆಸರು ಹೇಳುವುದಿಲ್ಲ.

ಇಷ್ಟೇ ಆಗಿದ್ದರೆ ನಮ್ಮ ಕೇಂದ್ರಕ್ಕೆ ಜನವರಿಯಲ್ಲಿ ಯಾರೂ ಬರುತ್ತಿರಲಿಲ್ಲ. ತೊಡಕು ಇರುವುದು ಬೇರೆ ಕಡೆ. ಆ ಹಕ್ಕು ಯಾರದು? ಉಡುಗೊರೆ ಪಡೆದವರದಲ್ಲ, ಕೊಂಡವರದು. ದುಡ್ಡು ಕೊಟ್ಟು, ಗುಂಡಿ ಒತ್ತಿ, ಒಪ್ಪಂದ ಮಾಡಿಕೊಂಡವರು ಅವರು. ಪಡೆದವರೇ ಬದಲಿಸಿಕೊಳ್ಳಲು ಬರುವಂತೆ ಉಡುಗೊರೆ ರಸೀದಿ ಅಂತ ಒಂದನ್ನು ಜೊತೆಗೆ ಇಟ್ಟಿದ್ದರೆ ಸರಿ, ಇಲ್ಲವಾದರೆ ನೀವು ಕೊಟ್ಟವರ ಬಳಿಗೇ ಹೋಗಿ, 'ನೀವು ಕೊಟ್ಟದ್ದು ನನಗೆ ಬೇಡ, ದಯವಿಟ್ಟು ವಾಪಸ್ ಕಳಿಸಿ' ಎನ್ನಬೇಕು. ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದವರ ಬಾಯಲ್ಲಿ ಈ ಮಾತು ಬರುತ್ತದೆಯೇ? ನಾವು ಪಾರ್ಸೆಲ್ ಬಿಚ್ಚುವ ಮೊದಲೇ 'ಅಯ್ಯೋ, ಎಷ್ಟು ಚೆನ್ನಾಗಿದೆ!' ಎನ್ನುವ ಜನ.

ಪ್ರತಿ ಗುರುವಾರ ಕೇಂದ್ರದಲ್ಲಿ ನನ್ನೆದುರು ಕುಳಿತವರಿಗೆ ಇದನ್ನು ಹೇಳಿದಾಗಲೆಲ್ಲ ಅವರ ಮುಖ ನೋಡಬೇಕಿತ್ತು ನೀವು. "ಅವ್ರಿಗೇ ಹೇಳೋದಾ? ಬೇಡಪ್ಪ ಬೇಡ, ಮೂಲೇಲಿ ಬಿದ್ದಿರ್ಲಿ ಬಿಡಿ." ಅಳಿಯ ಕಳಿಸಿದ ಕಾಲು ತೊಳೆಯುವ ಯಂತ್ರವನ್ನು ಎತ್ತಿಕೊಂಡು ಬಂದಿದ್ದ ಒಬ್ಬರು ನನ್ನ ಮಾತು ಕೇಳಿ, ಅದನ್ನು ಮತ್ತೆ ಎತ್ತಿಕೊಂಡು ಬಸ್ಸಿನಲ್ಲಿ ಮನೆಗೆ ಹೋದರು. ನಾನು ಅವರಿಗೆ ಗಟ್ಟಿಯಾಗಿ ಬೈದೆ. "ಬಾಯಿ ಬಿಟ್ಟು ಹೇಳೋಕೆ ಏನ್ರೀ ಕಷ್ಟ?" ಎಂದೆ. ಹೀಗೆ ಬೈಯಲು ನನಗೆ ಯಾವ ಯೋಗ್ಯತೆಯೂ ಇರಲಿಲ್ಲ ಎಂಬುದನ್ನು ಇವತ್ತು ಒಪ್ಪಿಕೊಳ್ಳಬೇಕಾಗಿದೆ.

ನಿಮ್ಮಲ್ಲಿ ಹಿರಿಯರಿಗೆ ಪಿಲಿಂಗ್ಸ್ ಅಂಗಡಿ ನೆನಪಿರಬೇಕು. ಮೂರು ಮಹಡಿ, ಹಿತ್ತಾಳೆಯ ಹಿಡಿಕೆಯ ಬಾಗಿಲು, ನೆಲಕ್ಕೆ ಹಚ್ಚಿದ ಮೇಣದ ವಾಸನೆ. ನೆಲಮಾಳಿಗೆಯಲ್ಲಿ, ಮೆಟ್ಟಿಲ ಕೆಳಗೆ, ವಾಪಸ್ ಕೌಂಟರ್. ಮೂವತ್ತಾರು ವರ್ಷ ನಾನು ಅದರ ಹಿಂದೆ ನಿಂತಿದ್ದೆ. ಡಿಸೆಂಬರ್ ಇಪ್ಪತ್ತೇಳರ ಬೆಳಿಗ್ಗೆ ಬಾಗಿಲು ತೆರೆದರೆ ಸಾಲು ಬೀದಿಯ ತನಕ ಇರುತ್ತಿತ್ತು. ಹೆಂಗಸರು ಚೀಲವನ್ನು ಕೋಟಿನೊಳಗೆ ಮುಚ್ಚಿಕೊಂಡು ಬರುತ್ತಿದ್ದರು. "ಟ್ರೆವರ್, ನಮ್ಮತ್ತೆಗೆ ಮಾತ್ರ ಗೊತ್ತಾಗ್ಬಾರ್ದು ನೋಡಪ್ಪ." ಸ್ವಲ್ಪ ಹೊತ್ತಿಗೆ ಆ ಅತ್ತೆಯೇ ಸಾಲಿನ ಕೊನೆಯಲ್ಲಿ ಸೊಸೆ ಕೊಟ್ಟ ಟೀ ಕೆಟಲಿನ ಸಮೇತ ನಿಂತಿರುತ್ತಿದ್ದರು! ಒಬ್ಬರನ್ನು ಹಿಂಬಾಗಿಲಿಂದ ಕಳಿಸಿ ಇನ್ನೊಬ್ಬರನ್ನು ಒಳಗೆ ಕರೆದ ದಿನಗಳು ಎಷ್ಟೋ.

ಅಲ್ಲಿ ನಮ್ಮದೊಂದು ಪದ್ಧತಿ ಇತ್ತು. ವಾಪಸ್ ಬಂದದ್ದನ್ನು ನಾವು ಕೂಡಲೇ ಮಾರಾಟಕ್ಕೆ ಇಡುತ್ತಿರಲಿಲ್ಲ. ಕೊಟ್ಟವರು ಮುಂದಿನ ವಾರ ಅಂಗಡಿಗೆ ಬಂದು, ತಾವು ಕೊಟ್ಟದ್ದೇ ಕಪಾಟಿನಲ್ಲಿ ಕುಳಿತಿರುವುದನ್ನು ಕಂಡರೆ? ಹಾಗಾಗಿ ಎಲ್ಲವೂ ಹಿಂದಿನ ಕೋಣೆಯ ಹಲಗೆಯ ಮೇಲೆ, ಫೆಬ್ರವರಿಯ ಪ್ಯಾನ್‌ಕೇಕ್ ಹಬ್ಬ ಕಳೆಯುವ ತನಕ. ಮಾಲೀಕರಿಗೆ ಅದರಿಂದ ನಷ್ಟವೇ, ಆದರೂ ಅವರು ಒಂದು ಮಾತು ಆಡಲಿಲ್ಲ. ಊರಿನ ಅರ್ಧ ಸಂಸಾರಗಳು ಆ ಹಲಗೆಯಿಂದಲೇ ನೆಟ್ಟಗೆ ನಿಂತಿದ್ದವು. ಇಂದಿನ ಯಾವ ಕಂಪ್ಯೂಟರಿಗೆ ಅಷ್ಟು ಮರ್ಯಾದೆ ಗೊತ್ತಿದೆ, ಹೇಳಿ?

ಆ ಹಲಗೆಯ ಮೇಲೆ ಒಂದು ಜನವರಿಯಲ್ಲಿ ನಾನು ಕಂದು ಬಣ್ಣದ ಚರ್ಮದ ಕೈಗವಸನ್ನು ಕಂಡೆ. ಚೀಟಿಯ ಮೇಲೆ ಸಿಬ್ಬಂದಿ ರಿಯಾಯಿತಿ, ನನ್ನದೇ ಕೈಬರಹ. ನನ್ನ ಹೆಂಡತಿ ಗ್ಲೆನಿಸ್‌ಗೆ ಕ್ರಿಸ್ಮಸ್ಸಿಗೆ ನಾನು ಕೊಟ್ಟದ್ದು. ಕೊಟ್ಟಾಗ ಕೆನ್ನೆಗೆ ಒತ್ತಿಕೊಂಡು 'ಎಷ್ಟು ಮೆತ್ತಗಿದೆ' ಎಂದಿದ್ದಳು. ಮಂಗಳವಾರ, ನನ್ನ ರಜೆಯ ದಿನ, ತರಕಾರಿಗೆ ಹೋಗುತ್ತೇನೆಂದು ಹೊರಟವಳು ಇಲ್ಲಿಗೆ ಬಂದಿದ್ದಳು. ನನ್ನ ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಐರಿಸ್ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ನಾನೇನೂ ನೋಡಿಲ್ಲ ಟ್ರೆವರ್. ನೀನೂ ಏನೂ ನೋಡಿಲ್ಲ. ಟೀ ಕುಡೀತೀಯಾ?" ಎಂದಳು. ಕುಡಿದೆ.

ಮುಂದಿನ ವರ್ಷ ಛತ್ರಿ. ಅದರ ಮುಂದಿನ ವರ್ಷ ಮೆಣಸು ಅರೆಯುವ ಮರದ ಗಿರಣಿ. ಪ್ರತಿ ಜನವರಿಯಲ್ಲಿ ನಾನು ಆ ಹಲಗೆಯ ಮುಂದೆ ಹೋಗಿ ನಿಲ್ಲುತ್ತಿದ್ದೆ, ಪ್ರತಿ ಜನವರಿಯಲ್ಲಿ ಅದು ಅಲ್ಲಿರುತ್ತಿತ್ತು. ಮನೆಯಲ್ಲಿ ಕೇಳಲಿಲ್ಲ. ಕೇಳಿದರೆ ಅವಳಿಗೆ ನಾಚಿಕೆಯಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು, ನಾಚಿಕೆಯಾಗುತ್ತಿದ್ದದ್ದು ನನಗೆ. ಊರಿಗೆಲ್ಲ ಬೇಡವಾದದ್ದನ್ನು ಬದಲಿಸಿಕೊಡುವ ಮನುಷ್ಯನಿಗೆ ತನ್ನ ಹೆಂಡತಿಗೆ ಬೇಕಾದದ್ದೊಂದನ್ನು ತರಲು ಬರುವುದಿಲ್ಲ ಎಂದರೆ ಏನರ್ಥ?

ಕ್ಷಮಿಸಿ, ವಿಷಯ ಎಲ್ಲಿಗೋ ಹೋಯಿತು. ಶ್ರೀಮತಿ ಹೇಡಾಕ್ ಗಡಿಯಾರ ನೋಡುತ್ತಿದ್ದಾರೆ. ಕಾನೂನಿಗೇ ಬರುತ್ತೇನೆ.

ಹನ್ನೊಂದು ವರ್ಷದ ಹಿಂದೆ ಪಿಲಿಂಗ್ಸ್ ಮುಚ್ಚಿತು. ಆಗಿನಿಂದ ನಾನೂ ಎಲ್ಲರಂತೆ ಆನ್‌ಲೈನ್‌ನಲ್ಲಿ ಕೊಳ್ಳತೊಡಗಿದೆ. ಈಗ ಗ್ಲೆನಿಸ್‌ಗೆ ಹಿಂಬಾಗಿಲು ಇಲ್ಲ, ಐರಿಸ್ ಇಲ್ಲ. ಕೊಂಡವನು ನಾನು, ಹಕ್ಕು ನನ್ನದು, ಬೇಡವೆಂದರೆ ನನಗೇ ಹೇಳಬೇಕು. ಹೇಳಲಿ ಎಂದು ನಾನು ಏನೆಲ್ಲ ಮಾಡಿದೆ, ಕೇಳಿ. ನವೆಂಬರಿನಲ್ಲೇ ತರಿಸಿದರೆ ಕ್ರಿಸ್ಮಸ್ ಬರುವ ಹೊತ್ತಿಗೆ ದಿನಗಳು ಮುಗಿದಿರುತ್ತವೆ, ಇದನ್ನು ನೀವು ಬರೆದಿಟ್ಟುಕೊಳ್ಳಿ. ಅದಕ್ಕೆ ನಾನು ಡಿಸೆಂಬರ್ ಇಪ್ಪತ್ಮೂರಕ್ಕೇ ಬರುವಂತೆ ಆರ್ಡರ್ ಮಾಡುತ್ತಿದ್ದೆ. ಅಲ್ಲಿಂದ ಹದಿನಾಲ್ಕನೆಯ ದಿನ ಜನವರಿ ಆರು, ಕ್ರಿಸ್ಮಸ್ ಮರವನ್ನು ಬಿಚ್ಚಿಡುವ ದಿನ. "ಎಲ್ಲಾ ಕೊನೇ ಗಳಿಗೇಲೇ ನಿಂದು" ಎಂದು ಅವಳು ಬೈಯುತ್ತಿದ್ದಳು. ನಾನು ಪೆಟ್ಟಿಗೆಯನ್ನು ಚಪ್ಪಟೆ ಮಾಡದೆ ಮೆಟ್ಟಿಲ ಕೆಳಗೆ ಇಟ್ಟುಕೊಂಡು ಕಾಯುತ್ತಿದ್ದೆ. ಮರ ಇಳಿಯುತ್ತಿತ್ತು, ದೀಪದ ಸರ ಡಬ್ಬಿ ಸೇರುತ್ತಿತ್ತು, ಅವಳು ಬಾಯಿ ಬಿಡುತ್ತಿರಲಿಲ್ಲ. ಹತ್ತು ವರ್ಷದ ಉಡುಗೊರೆಗಳು ಹಿಂದಿನ ಕೋಣೆಯ ಬೀರುವಿನಲ್ಲಿ ಚೀಟಿಯ ಸಮೇತ ಇವೆ. ಪಿಲಿಂಗ್ಸ್ ಇದ್ದಾಗ ಅವಳು ಮಂಗಳವಾರ ಕದ್ದು ಹೋಗಿ ಬರುತ್ತಿದ್ದಳಲ್ಲ, ಆ ಕಾಲವೇ ಚೆನ್ನಾಗಿತ್ತು ಎನ್ನಿಸುತ್ತಿತ್ತು. ಆಗ ಅವಳಿಗೆ ಬದಲಿಗೆ ಏನಾದರೂ ಸಿಗುತ್ತಿತ್ತು.

ಈ ಸಲ, ನಡೆದ ಹೆಜ್ಜೆಗಳನ್ನು ಎಣಿಸುವ ಕೈಗಡಿಯಾರ ತರಿಸಿದೆ. ಜನವರಿ ಆರರ ಸಂಜೆ ಐದು ಗಂಟೆ. ಗ್ಲೆನಿಸ್ ಮರದ ತುದಿಯ ನಕ್ಷತ್ರವನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡೇ ಸೋಫಾದ ಮೇಲೆ ಕುಳಿತಳು.

"ಟ್ರೆವರ್, ಆ ಗಡಿಯಾರ ನಂಗೆ ಬೇಡ. ನಾನು ಒಬ್ಳೇ ಎಷ್ಟು ದೂರ ನಡೀತೀನಿ ಅಂತ ಅದಕ್ಕೆ ಗೊತ್ತಾಗಿ ಏನಾಗ್ಬೇಕು?"

ನನಗೆ ಆದ ಸಂತೋಷ ಎಷ್ಟೆಂದರೆ ಅವಳ ಮಾತಿನ ಅರ್ಧ ನನ್ನ ಕಿವಿಗೇ ಬೀಳಲಿಲ್ಲ. ಓಡಿಹೋಗಿ ಕಂಪ್ಯೂಟರ್ ತೆರೆದೆ. "ಇನ್ನೂ ಏಳು ಗಂಟೆ ಟೈಮಿದೆ!" ಎಂದು ಕೂಗಿದೆ. ಅರ್ಜಿಯಲ್ಲಿ 'ಕಾರಣ, ಇಷ್ಟವಿದ್ದರೆ' ಎಂದು ಒಂದು ಖಾಲಿ ಜಾಗವಿತ್ತು. ಏನು ಬರೆಯಲಿ ಎಂದು ಕೇಳಿದೆ.

"ಕೇಳ್ದೇ ತಂದಿದ್ದು ಅಂತ ಬರಿ" ಎಂದಳು. "ಆ ಕೈಗವಸೂ ವಾಪಸ್ ಕೊಟ್ಟಿದ್ದೆ ಕಣೋ ನಾನು. ಛತ್ರೀನೂ."

"ಗೊತ್ತು."

"ಗೊತ್ತಾ? ಮೊದ್ಲಿಂದಾನಾ? ಮತ್ತೆ ಕೇಳೋದಕ್ಕೇನಾಗಿತ್ತು ನಿಂಗೆ?"

"ನೀನು ಹೇಳೋದಕ್ಕೇನಾಗಿತ್ತು?"

ಸಭಿಕರೇ, ಅವಳು ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ. "ಛತ್ರಿ ಕೊಡೋಕೆ ಬಂದ ಮಂಗಳವಾರ ನೀನು ರಜೆ ತಗೊಳ್ದೇ ಕೌಂಟರಲ್ಲಿದ್ದೆ. ಕಂಬದ ಹಿಂದೆ ನಿಂತ್ಕೊಂಡು ನೋಡ್ದೆ. ಬಂದೋರ್ಗೆಲ್ಲ ಎಷ್ಟು ಪ್ರೀತಿಯಿಂದ ಕೇಳ್ತಿದ್ದೆ, 'ಇದ್ರ ಬದ್ಲು ನಿಮಗೇನು ಕೊಡ್ಲಿ?' ಅಂತ. ಮನೇಲಿ ನನ್ನ ಒಂದಿನಾನಾದ್ರೂ ಕೇಳಿದ್ಯಾ?"

ಕೇಳಿರಲಿಲ್ಲ. ನಲವತ್ತಾರು ವರ್ಷದಲ್ಲಿ ಒಂದು ದಿನವೂ ಕೇಳಿರಲಿಲ್ಲ. ಅರ್ಜಿ ಕಳಿಸಿ ಬಂದು, ಅವಳ ಎದುರಿಗೆ ಕುಳಿತು, 'ಇದರ ಬದಲು ನಿನಗೇನು ಕೊಡಲಿ?' ಎಂದು ಕೇಳಿದೆ. ನನ್ನ ಧ್ವನಿ ಕೌಂಟರಿನ ಧ್ವನಿಯಾಗಿರಲಿಲ್ಲ, ಅದು ನನಗೆ ಗೊತ್ತು. ಅವಳು ನಕ್ಷತ್ರವನ್ನು ಡಬ್ಬಿಯೊಳಗೆ ಇಟ್ಟಳು.

"ಗುರುವಾರ ಕೊಡು" ಎಂದಳು. "ಹತ್ತು ವರ್ಷದಿಂದ ಊರೋರೆಲ್ಲ ಒಬ್ಬೊಬ್ಬರಾಗಿ ನಿನ್ನೆದ್ರು ಕೂತು, ಇಪ್ಪತ್ತು ನಿಮಿಷ ಬೇಕಾದ್ದೆಲ್ಲ ಮಾತಾಡಿ ಹೋಗ್ತಾರೆ. ನಾನು ಅವತ್ತೆಲ್ಲ ಸಮುದ್ರದ ದಂಡೇಲಿ ಒಬ್ಳೇ ನಡೀತೀನಿ. ಅದೇ ನಂಗೆ ಬೇಕಾಗಿರೋದು."

ಅಧ್ಯಕ್ಷರು ಆಗಲೇ ನನ್ನ ಮೊಣಕಾಲಿನ ಬಗ್ಗೆ ಮರುಗಿ ನಾಲ್ಕು ಒಳ್ಳೆಯ ಮಾತು ಆಡಿದರು. ನನ್ನ ಮೊಣಕಾಲು ಚೆನ್ನಾಗಿಯೇ ಇದೆ ಮೇಡಂ. ರಾಜೀನಾಮೆ ಪತ್ರದಲ್ಲಿ 'ಹೆಂಡತಿ ಗುರುವಾರ ಕೇಳಿದಳು' ಎಂದು ಬರೆಯಲು ಸಂಕೋಚವಾಗಿ ಮೊಣಕಾಲು ನೋವು ಎಂದು ಬರೆದಿದ್ದೆ.

ನೀವೆಲ್ಲ ನನ್ನನ್ನು ಹತ್ತು ವರ್ಷ ಸಹಿಸಿಕೊಂಡಿರಿ, ನನ್ನ ಬೈಗುಳಕ್ಕೂ ಬಿಸ್ಕತ್ತು ಕೊಟ್ಟಿರಿ. ಅದಕ್ಕೆ ನಾನು ಋಣಿ. ಇಂದೂ ಗುರುವಾರ. ಈ ಸಭೆಗೆ ಗ್ಲೆನಿಸ್‌ಳನ್ನು ಕರೆದೆ, "ನಿನ್ನ ಭಾಷಣಕ್ಕೆ ನನ್ನ ದಿನ ಹಾಳು ಮಾಡ್ಕೊಳ್ಳೋದಾ?" ಎಂದಳು. ಎದುರಿನ ದಂಡೆಯಲ್ಲಿ, ಗಾಳಿಗೆ ಬೆನ್ನು ಮಾಡಿ ನಿಂತಿದ್ದಾಳೆ, ಈ ಕಿಟಕಿಯಿಂದ ನನಗೆ ಕಾಣುತ್ತಿದ್ದಾಳೆ. ನನ್ನ ಕೈಯಲ್ಲಿ ಇನ್ನೂ ಎರಡು ಪುಟ ಇವೆ, ಓದುವುದಿಲ್ಲ. ಎಲ್ಲರಿಗೂ ವಂದನೆ, ನಮಸ್ಕಾರ. ನನ್ನ ಕೋಟು ಎಲ್ಲಿಟ್ಟಿರಿ?